ಎಡಕ್ಕೆ ವೈನಿ

ನನಗೆ ಈಜು ಕಲಿಸಿದವರು ನನ್ನ ಅಣ್ಣನ ಹೆಂಡತಿ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಅನ್ನುತ್ತೇವೆ. ಈಗ ಅವರು ಅಣ್ಣನ ಹೆಂಡತಿ ಅಲ್ಲ. ಹಾಗಾದರೆ ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಅದಕ್ಕೇ ಇಲ್ಲೂ ವೈನಿ ಅಂತಲೇ ಬರೆಯುತ್ತೇನೆ.

ಟ್ರಯಥ್ಲಾನ್ ಅಂದರೆ ಮೊದಲು ಈಜು, ಆಮೇಲೆ ಸೈಕಲ್, ಆಮೇಲೆ ಓಟ. ನಡುವೆ ಕೂತು ಸುಧಾರಿಸಿಕೊಳ್ಳುವ ಹಾಗಿಲ್ಲ. ನಾನು ಹೆಸರು ಕೊಟ್ಟಿದ್ದು ಉದ್ದದ ರೇಸಿಗೆ. ಕೆರೆಯಲ್ಲಿ ಸುಮಾರು ಎರಡು ಕಿಲೋಮೀಟರ್ ಈಜಬೇಕು, ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಕೊನೆಗೆ ಅರ್ಧ ಮ್ಯಾರಥಾನ್ ಓಡಬೇಕು. ಹೆಸರು ಕೊಟ್ಟ ದಿನ ನನಗೆ ಈಜು ಬರುತ್ತಿರಲಿಲ್ಲ. ನಗಬೇಡಿ. ಓಟವನ್ನೂ ಸೈಕಲ್ಲನ್ನೂ ವಿಡಿಯೋ ನೋಡಿಯೇ ಕಲಿತಿದ್ದೆ, ಇದೂ ಬರುತ್ತದೆ ಅಂದುಕೊಂಡಿದ್ದೆ.

ನಮ್ಮ ಮನೆ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ. ಅಪ್ಪ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿ ರಾಯಚೂರಿನಿಂದ ಇಲ್ಲಿಗೆ ಬಂದವರು. ಅಪ್ಪ, ಅವ್ವ, ಅಣ್ಣ, ವೈನಿ, ನಾನು. ಒಂದು ದಿನ ಅಡುಗೆಮನೆಯ ಸ್ಟೂಲಿನ ಮೇಲೆ ಹೊಟ್ಟೆ ಊರಿ ಮಲಗಿ, ಎದುರಿಗೆ ಫೋನ್ ಇಟ್ಟುಕೊಂಡು ಕೈ ಬೀಸುತ್ತಿದ್ದೆ. ವೈನಿ ರೊಟ್ಟಿ ಬಡಿಯುತ್ತಿದ್ದರು.

"ಏನ್ ನಡಿಸೀಯವಾ?"

"ಈಜು ಕಲಿಯಾಕತ್ತೀನ್ರಿ, ವೈನಿ."

"ಸ್ಟೂಲ್ ಮ್ಯಾಲ?"

"ಮೊದಲ ಹಿಂಗ ಕಲೀಬೇಕಂತ್ರಿ. ಫೋನಿನಾಗ ಮಾಸ್ತರ ಹೇಳಾಕತ್ತಾರ."

"ನೀರಿಲ್ಲದ ಈಜು ಕಲಿಸೋ ಮಾಸ್ತರ ಯಾವನವಾ ಅಂವ? ಏಳು, ಬಿದ್ದು ಹಲ್ಲು ಮುರಕೊಂಡಿ."

ಆಗ ಗೊತ್ತಾಯಿತು, ವೈನಿಗೆ ಈಜು ಬರುತ್ತದೆ. ಅವರ ತವರು ಕೃಷ್ಣಾ ನದಿಯ ದಂಡೆಯ ಊರು. ಎಮ್ಮೆ ಮೈತೊಳೆಯಲು ಹೋಗಿ ಎಮ್ಮೆಗಿಂತ ಮೊದಲು ತಾವೇ ನೀರಿಗಿಳಿಯುತ್ತಿದ್ದವರು. ಮದುವೆಯಾಗಿ ಬಂದ ಮೇಲೆ ಹೈದರಾಬಾದಿನಲ್ಲಿ ಬಕೆಟ್ ನೀರು ಬಿಟ್ಟರೆ ಬೇರೆ ನೀರು ನೋಡಿರಲಿಲ್ಲ.

ನಮ್ಮ ಹತ್ತಿರದ ಈಜುಕೊಳದಲ್ಲಿ ಹೆಂಗಸರಿಗೆ ಬೇರೆ ಬ್ಯಾಚು ಇತ್ತು. ಸೀರೆ, ಚೂಡಿದಾರ್ ನಡೆಯುವುದಿಲ್ಲ, ಈಜುವ ಬಟ್ಟೆಯೇ ಬೇಕು ಅಂದರು. ಕಾಲಿನ ತನಕ ಮುಚ್ಚುವ ಬಟ್ಟೆ ಮೆಹದಿಪಟ್ಟಣಂನಲ್ಲಿ ಸಿಗುತ್ತದೆ ಅಂತ ಯಾರೋ ಹೇಳಿದರು. ಇಬ್ಬರೂ ಎರಡು ಬಸ್ ಹಿಡಿದು ಊರಿನ ಆ ತುದಿಗೆ ಹೋಗಿ ತಂದೆವು. ಮನೆಯಲ್ಲಿ ಹಾಕಿಕೊಂಡು ಕನ್ನಡಿ ಮುಂದೆ ನಿಂತ ವೈನಿ, "ಮಳಿಗಾಲದ ಕಪ್ಪಿ ಹಂಗ ಕಾಣಾಕತ್ತೀನಿ" ಅಂದರು. ಅವ್ವ ಬಾಗಿಲಲ್ಲಿ ನಿಂತು ಬೈಯಬೇಕೋ ನಗಬೇಕೋ ತಿಳಿಯದೆ ನಕ್ಕುಬಿಟ್ಟಳು. ಹಾಗೆ ಅನುಮತಿ ಸಿಕ್ಕಿತು.

ಆಮೇಲಿನ ತಿಂಗಳುಗಳು ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದವು. ಬೆಳಿಗ್ಗೆ ಓಟ, ಅಲ್ಲಿಂದ ಹೆಂಗಸರ ಬ್ಯಾಚು, ಒದ್ದೆ ತಲೆಯಲ್ಲೇ ಬಸ್ ಹತ್ತಿ ಬೇಗಂಪೇಟೆಯ ಆಫೀಸು. ಮೇಜಿನ ಮೇಲೆ ಕ್ಲೋರಿನ್ ವಾಸನೆ, ಕಣ್ಣಲ್ಲಿ ನಿದ್ದೆ. ಭಾನುವಾರ ಶಾಮೀರ್‌ಪೇಟೆಯ ಕಡೆಗೆ ಸೈಕಲ್. ಉದ್ದ ಸವಾರಿಗೆ ಎಲ್ಲರೂ ಬಾಯಿಗೆ ಹಿಂಡಿಕೊಳ್ಳುವ ಜೆಲ್ ತಗೊಳ್ಳುತ್ತಾರೆ. ನನ್ನ ಜೇಬಿನಲ್ಲಿ ವೈನಿ ಕಟ್ಟಿಕೊಟ್ಟ ಶೇಂಗಾ ಉಂಡಿ ಇರುತ್ತಿದ್ದವು.

ನೀರಿನಲ್ಲಿ ಅವರು ಯಾವಾಗಲೂ ನನ್ನ ಎಡಕ್ಕೆ. ಮುಖ ನೀರಿನಿಂದ ಹೊರಗೆ ತಂದು ಉಸಿರೆಳೆಯುವುದು ನನಗೆ ಎಷ್ಟು ಮಾಡಿದರೂ ಬರುತ್ತಿರಲಿಲ್ಲ. ಹೆದರಿ ತಲೆಯನ್ನು ಪೂರ್ತಿ ಮೇಲೆತ್ತುತ್ತಿದ್ದೆ, ಕಾಲು ಮುಳುಗುತ್ತಿತ್ತು.

"ಮಾರಿ ಮ್ಯಾಲ ಎತ್ತಬ್ಯಾಡ, ಹೊಳ್ಳಿಸು," ಅಂದರು ವೈನಿ. "ನಾ ಇಲ್ಲೇ ಬಾಜೂಕ ಇರ್ತೀನಿ. ಉಸಿರು ಬೇಕಾದಾಗೆಲ್ಲಾ ನನ್ನ ನೋಡು."

ಹಾಗೇ ಕಲಿತೆ. ಎಡಕ್ಕೆ ತಿರುಗಿದರೆ ವೈನಿಯ ಮುಖ. ಅರ್ಧ ನೀರಿನಲ್ಲಿ, ಅರ್ಧ ಹೊರಗೆ, ಕೆನ್ನೆ ಉಬ್ಬಿಸಿ ನನ್ನನ್ನು ಅಣಕಿಸುತ್ತಿರುವ ಮುಖ. ಎರಡೂ ಕಡೆ ಉಸಿರಾಡಲು ಕಲಿಯಿರಿ ಅಂತ ಎಲ್ಲ ವಿಡಿಯೋಗಳೂ ಹೇಳುತ್ತವೆ. ನನಗೆ ಬಲಕ್ಕೆ ನೋಡುವಂಥದ್ದು ಏನೂ ಇರಲಿಲ್ಲ.

ರೇಸಿನ ದಿನ ಕೆರೆಯ ದಂಡೆಯ ಮೇಲೆ ನಿಂತಿರುತ್ತೇನೆ ಅಂತ ವೈನಿ ಮಾತು ಕೊಟ್ಟಿದ್ದರು. ಮೆಡಲ್ ಸಿಗದಿದ್ದರೂ ಸರಿ, ಅವರು ಅಲ್ಲಿರಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅಣ್ಣ ವೈನಿಯ ಮೇಲೆ ಎಂದೂ ದನಿ ಎತ್ತಿದವನಲ್ಲ. ತಿರುಗಿ ನೋಡಿದವನೂ ಅಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದ. ಮನೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಒಂದು ಭಾನುವಾರ ಸೈಕಲ್ ಮುಗಿಸಿ ಬಂದಾಗ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಅಣ್ಣ ಅಪ್ಪನಿಗೆ ಹೇಳುತ್ತಿದ್ದ, "ನೀವು ಕೇಳಿದ್ರಿ ಅಂತ ಮದುವಿಗೆ ಹೂಂ ಅಂದಿದ್ನಿ. ಆಕಿದೇನೂ ತಪ್ಪಿಲ್ಲ. ನನ್ನಿಂದ ಆಗವಲ್ದು."

ಅಪ್ಪ ಕೂಗಾಡಿದರು. ಅವ್ವ ಅತ್ತಳು. ವೈನಿ ಎದ್ದು ನನ್ನ ಹೆಲ್ಮೆಟ್ ಕೈಯಿಂದ ತಗೊಂಡು, "ಹೋಗಿ ಮೈತೊಳಕೋ, ಬೆವರು ಆರಿದ್ರ ನೆಗಡಿ ಆಗ್ತೈತಿ" ಅಂದರು. ಅಷ್ಟೇ.

ಅವರನ್ನು ಕರೆದುಕೊಂಡು ಹೋಗಲು ಅವರ ಅಪ್ಪ ಬಂದರು. ನಮ್ಮಲ್ಲಿ ಮನೆಯ ಹೆಣ್ಣುಮಗಳು ಊರಿಗೆ ಹೊರಟರೆ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನ ಬೇರು, ಕುಪ್ಪಸದ ಕಣ. ತುಂಬಿಸಿಕೊಂಡವಳು ತನ್ನ ಉಡಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಮನೆಯ ಹಿರಿಯಳ ಕೈಗೆ ಹಾಕಬೇಕು. ಅದನ್ನು ಮನೆಯ ಅಕ್ಕಿಗೆ ಬೆರೆಸುತ್ತಾರೆ. ಹೋದವಳು ತಿರುಗಿ ಬರುತ್ತಾಳೆ ಅನ್ನುವುದಕ್ಕೆ ಅದು. ಪ್ರತಿ ಪಂಚಮಿಗೆ ವೈನಿ ತವರಿಗೆ ಹೊರಟಾಗಲೂ ಹಾಗೇ ನಡೆದಿತ್ತು.

ಬಿಟ್ಟು ಹೋಗುವವಳಿಗೆ ಉಡಿ ಯಾಕೆ ಅಂತ ಅಪ್ಪ ಗೊಣಗಿದರು. ಅವ್ವ ಕೇಳಲಿಲ್ಲ. ಕುಂಕುಮ ಹಚ್ಚಿ ಉಡಿ ತುಂಬಿದಳು. ತುಂಬಿ ಮುಗಿದ ಮೇಲೆ, ಇಷ್ಟು ವರ್ಷದ ರೂಢಿ ನೋಡಿ, ಅವಳ ಬಲಗೈ ತಾನಾಗಿ ಮುಂದೆ ಬಂತು. ಅಂಗೈ ಬಿಚ್ಚಿಕೊಂಡೇ ಬಂತು.

ವೈನಿ ಒಂದು ಚಿಟಿಕೆ ಅಕ್ಕಿ ತೆಗೆದರು. ತೆಗೆದು, ಹಾಗೇ ಹಿಡಿದುಕೊಂಡು ನಿಂತರು. ಹಾಕಲೂ ಇಲ್ಲ, ಉಡಿಗೆ ಮರಳಿ ಬಿಡಲೂ ಇಲ್ಲ. ಅವ್ವನಿಗೆ ಆಗ ತಿಳಿಯಿತು. ಬೆರಳು ಮಡಚಿ ಕೈ ಹಿಂದಕ್ಕೆ ತಗೊಂಡಳು.

"ಇರಲಿ ಬಿಡವಾ. ಎಲ್ಲಾ ನಿಂದ," ಅಂದಳು.

ವೈನಿ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೋದ ಮೇಲೂ ಫೋನ್ ಮಾಡುತ್ತಿದ್ದೆ. "ಇವತ್ತ ಎಷ್ಟು ಈಜಿದಿ? ಕಾಲು ಬಡದಿ ಏನು, ಸುಮ್ನ ಎಳಕೊಂಡು ಬಂದಿ?" ಅಂತ ಅವರೇ ಮೊದಲು ಕೇಳುತ್ತಿದ್ದರು. ಕೊಳದಲ್ಲಿ ನನ್ನ ಎಡಕ್ಕೆ ಈಗ ನೀಲಿ ಟೈಲ್ಸಿನ ಗೋಡೆ ಇರುತ್ತಿತ್ತು. ಬೇಕೆಂದೇ ಗೋಡೆಯ ಬದಿ ಹಿಡಿದಿದ್ದೆ. ಬೇರೆ ಯಾರ ಮುಖವೂ ಅಲ್ಲಿ ಬೇಡವಾಗಿತ್ತು.

ರೇಸಿಗೆ ಇನ್ನೇನು ಕೆಲವೇ ದಿನ ಇರುವಾಗ ಅವರೇ ಫೋನ್ ಮಾಡಿದರು.

"ಇಲ್ಲಿ ನನಗ ಬ್ಯಾರೆ ಸಂಬಂಧ ನೋಡಾಕತ್ತಾರವಾ. ಹಳೇ ಮನಿಯವರ ಕೂಡ ಇನ್ನೂ ಮಾತು ಐತಿ ಅಂದ್ರ ಬಂದವರು ಏನರೆ ತಿಳಕೋತಾರ. ಇನ್ನ ಮ್ಯಾಲ ಫೋನ್ ಬ್ಯಾಡ."

"ನಿಮ್ಮ ಅಪ್ಪಾರು ಹೇಳಿದ್ರೇನ್ರಿ?"

"ಯಾರೂ ಹೇಳಿಲ್ಲ. ನಾನ ಹೇಳಾಕತ್ತೀನಿ."

"ರೇಸಿಗೆ ಬರ್ತೀನಿ ಅಂದಿದ್ರಲ್ರಿ, ವೈನಿ."

"ಅಂದಿದ್ನಿ. ನೀರಾಗ ನನ್ನ ನೆನಸಬ್ಯಾಡ. ಉಸಿರು ತಪ್ಪತೈತಿ."

ರೇಸು ಬೇರೆ ಊರಿನಲ್ಲಿತ್ತು. ಅಪ್ಪನಿಗೆ ರಜೆ ಸಿಗಲಿಲ್ಲ. ಅಣ್ಣನೇ ಕಾರಿನಲ್ಲಿ ಸೈಕಲ್ ಹಾಕಿಕೊಂಡು ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಾನು ಅವನೊಡನೆ ಮಾತಾಡಲಿಲ್ಲ.

ಕೆರೆಗೆ ಇಳಿದಾಗ ಇನ್ನೂ ಬಿಸಿಲು ಬಂದಿರಲಿಲ್ಲ. ನೀರು ಕಂದು ಬಣ್ಣ, ತಳ ಕಾಣದು. ಸೀಟಿ ಊದಿದರು, ಎಲ್ಲರೂ ಮುನ್ನುಗ್ಗಿದರು. ನಾನು ಉಸಿರಿಗೆ ಎಡಕ್ಕೆ ತಿರುಗಿದೆ. ಯಾರದೋ ಮೊಣಕೈ. ಮತ್ತೆ ತಿರುಗಿದೆ. ಬರೀ ನೀರು. ದಾರಿ ತೋರಿಸಲು ತೇಲಿಬಿಟ್ಟ ಹಳದಿ ಬಲೂನುಗಳೆಲ್ಲ ಬಲಕ್ಕಿದ್ದವು. ಬಲಕ್ಕೆ ನೋಡುವುದು ನನ್ನ ಕತ್ತಿಗೆ ಗೊತ್ತೇ ಇರಲಿಲ್ಲ. ನೋಡಿದ ಕಡೆಗೇ ಮೈ ಹೋಗುತ್ತದೆ ನೋಡಿ, ನಾನು ಎಡಕ್ಕೆ, ಇನ್ನೂ ಎಡಕ್ಕೆ, ಯಾರೂ ಇಲ್ಲದ ಕಡೆ ಈಜುತ್ತಾ ಹೋದೆ.

ಕಾವಲಿನ ದೋಣಿಯವನು ಹುಟ್ಟು ಹಾಕುತ್ತಾ ಹತ್ತಿರ ಬಂದ. "ಅರೆ ಅಮ್ಮಾ, ಉಧರ್ ಕಾಯ್ಕು ಜಾರೇ? ಸಬ್ ಲೋಗಾಂ ಇಧರ್ ಹೈ!" ಎಲ್ಲರೂ ಈ ಕಡೆ ಇರುವಾಗ ಆ ಕಡೆ ಯಾಕೆ ಹೋಗುತ್ತೀ ಅನ್ನುತ್ತಿದ್ದ.

ದೋಣಿ ಹಿಡಿದುಕೊಂಡು ತೇಲಿದೆ. ಹಿಡಿದುಕೊಳ್ಳಬಹುದು, ನಿಯಮ ಅದಕ್ಕೆ ಅಡ್ಡ ಬರುವುದಿಲ್ಲ. ಈಜುವ ಕನ್ನಡಕದೊಳಗೆ ನೀರು ತುಂಬಿತ್ತು, ಅದು ಕೆರೆಯದಲ್ಲ. "ಬಸ್ ಕರ್ನಾ ಹೈ ಕ್ಯಾ?" ಅಂದ. ಸಾಕು ಮಾಡಬಹುದಿತ್ತು. ಆದರೆ ದೋಣಿ ಹತ್ತಿದರೆ ದಂಡೆಯಲ್ಲಿ ವೈನಿ ಇಲ್ಲ ಅನ್ನುವುದನ್ನು ಆಗಲೇ ನೋಡಬೇಕಾಗುತ್ತಿತ್ತು. ಕೈ ಬಿಟ್ಟೆ. ತಲೆಯನ್ನು ಪೂರ್ತಿ ಮೇಲೆತ್ತಿ, ಅವರು ಬೇಡ ಅಂದ ಹಾಗೆಯೇ, ಕಾಲು ಮುಳುಗಿಸಿಕೊಂಡು, ಹೊಸಬಳಂತೆ ಆಚೆ ದಡ ಸೇರಿದೆ.

ಸೈಕಲ್ಲೂ ಓಟವೂ ಮುಗಿದವು. ಬಿಸಿಲಿತ್ತು, ನೋವಿತ್ತು, ಅದೆಲ್ಲ ಎಲ್ಲರಿಗೂ ಇದ್ದದ್ದೇ. ಕೊಟ್ಟ ಸಮಯ ಮುಗಿದು ಗೇಟು ಮುಚ್ಚುವ ಸ್ವಲ್ಪ ಮೊದಲು ಗುರಿ ಮುಟ್ಟಿದೆ. ಕೊರಳಿಗೆ ಮೆಡಲ್ ಹಾಕಿದರು.

ಅಣ್ಣ ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿ ಕಾರಿನ ಹಿಂದೆ ಇಡುತ್ತಿದ್ದ. ನನ್ನ ಕಡೆ ನೋಡದೆ ಕೇಳಿದ, "ಆಕಿಗೆ ಹೇಳಿದೇನು?"

"ಯಾರಿಗೆ?" ಬೇಕೆಂದೇ ಕೇಳಿದೆ.

ಅವನಿಗೂ ಬೇರೆ ಹೆಸರು ಸಿಗಲಿಲ್ಲ. "ನಿಮ್ಮ ವೈನಿಗೆ."

"ಫೋನ್ ಮಾಡಬ್ಯಾಡ ಅಂದಾರ."

ಗಾಲಿ ಅವನ ಕೈಯಲ್ಲೇ ಉಳಿಯಿತು. "ನನ್ನ ಸಲುವಾಗಿ ನಿನಗೂ..." ಅಂದ.

"ನೀ ಬಿಟ್ಟಿ, ಅಣ್ಣಾ," ಅಂದೆ. "ನಾ ಬಿಟ್ಟಿರಲಿಲ್ಲ."

ಅವನು ತಲೆಯಾಡಿಸಿದ. ಗಾಲಿಯನ್ನು ಮೆಲ್ಲಗೆ ಇಟ್ಟು, ಗೀರು ಬೀಳದ ಹಾಗೆ ನನ್ನ ಟವೆಲ್ ಹೊದಿಸಿ ಡಿಕ್ಕಿ ಮುಚ್ಚಿದ. ಆಮೇಲೂ ಅದರ ಮೇಲೆ ಕೈ ಊರಿಕೊಂಡೇ ನಿಂತಿದ್ದ. ಕಾರಿನೊಳಗಿನಿಂದ ಅವ್ವ, "ಊಟಕ್ಕ ಎಲ್ಲಿ ನಿಲ್ಲಸೂಣು?" ಅಂತ ಕೇಳಿದಳು.