ನನ್ನ ಸಂಕಷ್ಟಿಯನ್ನು ಅತ್ತೆ ವಹಿಸಿಕೊಂಡದ್ದು

ಇಲ್ಲ, ಮೊದಲು ಮಾಯವಾದದ್ದು ಬೋರ್ಡಿನ ಮೇಲಿನ ಅಂಕಿಯಲ್ಲ, ಅದನ್ನು ಬರೆಯುತ್ತಿದ್ದ ನನ್ನ ಬೆರಳು ಇರಬೇಕು. ಅಥವಾ ಎರಡೂ. ಡಾಕ್ಟರಿಗೆ, ಹೆಡ್‌ಮಾಸ್ಟರಿಗೆ, ನೆಂಟರಿಗೆ ಹೇಳಿ ಹೇಳಿ ಈ ಕಥೆ ನುಣುಪಾಗಿಬಿಟ್ಟಿದೆ. ಆವತ್ತು ಅಷ್ಟು ನುಣುಪಾಗಿರಲಿಲ್ಲ. ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತದ ಪಾಠ ಮಾಡುತ್ತಿದ್ದೆ. ಎಡಗಡೆ ಗಾಜಿನ ಚೂರಿನಂಥ ಬೆಳಕು ಮಿನುಗಿತು. ಅದರ ಹಿಂದೆ ಕತ್ತಲೆಯೂ ಇರಲಿಲ್ಲ. ಏನೂ ಇರಲಿಲ್ಲ.

ಆಮೇಲೆ ನೋವು.

ಮೈಗ್ರೇನ್ ಎಂದರು. ಹೆಸರು ಸಿಕ್ಕಿತೆಂದು ನೋವು ನಿಲ್ಲಲಿಲ್ಲ. ಪಾಠವನ್ನು ಅರ್ಧಕ್ಕೆ ಬಿಟ್ಟು ಸ್ಟಾಫ್ ರೂಮಿನ ಬೆಂಚಿನ ಮೇಲೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಮಲಗುವುದು ಅಭ್ಯಾಸವಾಯಿತು. ಬೋರ್ಡಿನ ಮುಂದೆ ನಿಲ್ಲಲಾರದ ಗಣಿತದ ಟೀಚರ್ ಇನ್ನೇನು ಮಾಡಬೇಕು? ನೋವಿಗಿಂತ ಈ ಪ್ರಶ್ನೆ ಹೆಚ್ಚು ಕಾಡಿತು.

ತರೀಕೆರೆಯ ನಮ್ಮ ಮನೆಯಲ್ಲಿ ಅತ್ತೆ ಗಣಪತಿಗೆ ಹರಕೆ ಹೊತ್ತರು. ತಲೆನೋವು ಹೋಗುವವರೆಗೆ ಸೊಸೆ ಪ್ರತಿ ಸಂಕಷ್ಟಿಗೂ ಚಂದ್ರ ಕಾಣುವ ತನಕ ಉಪವಾಸ ಇರುತ್ತಾಳೆ ಎಂದು. ನಾನೂ ಒಪ್ಪಿದೆ. ಮಳೆಗಾಲದಲ್ಲಿ ತರೀಕೆರೆಯ ಮೋಡ ಚಂದ್ರನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆಗ ಅತ್ತೆ ಕಡೂರಿನಲ್ಲಿರುವ ತಂಗಿ ಸರೋಜಮ್ಮನಿಗೆ ಫೋನ್ ಮಾಡುತ್ತಿದ್ದರು. ಅಲ್ಲಿ ಬಯಲಿನ ಆಕಾಶ. ಅವರು ಮಹಡಿ ಹತ್ತಿ ನೋಡಿ "ಬಂದ" ಎಂದ ಮೇಲೆ ನನಗೆ ಊಟ. ಅಷ್ಟು ಹೊತ್ತಿಗೆ ನನಗೆ ಊಟವೇ ಬೇಡವಾಗಿರುತ್ತಿತ್ತು, ತಲೆ ಸಿಡಿಯುತ್ತಿತ್ತು. ಗಣಪ ಪರೀಕ್ಷೆ ಮಾಡುತ್ತಿದ್ದಾನೆ, ತಡೆದುಕೋ ಎನ್ನುತ್ತಿದ್ದರು ಅತ್ತೆ.

ಶಿವಮೊಗ್ಗದ ನ್ಯೂರಾಲಜಿಸ್ಟ್ ಹತ್ತಿರ ಹೋದಾಗ ಜೊತೆಗೆ ಬಂದವರೂ ಅವರೇ. ಸ್ಕ್ಯಾನ್ ನಾರ್ಮಲ್. ಡಾಕ್ಟರು ಮಾತ್ರೆ ಬರೆದರು. ಮೈಗ್ರೇನ್ ಇರುವವರ ಮೆದುಳು ಬೇಗ ಕೆರಳುತ್ತದೆ, ಹೊತ್ತು ತಪ್ಪಿದ ಊಟ, ನಿದ್ದೆ ಅದಕ್ಕೆ ಆಗಿಬರುವುದಿಲ್ಲ ಎಂದರು. ಆಹಾರ ಬದಲಿಸಿದರೆ ಮೆದುಳಿನ ಚಟುವಟಿಕೆಯೂ ಬದಲಾಗುತ್ತದೆಯೇ ಎಂದು ಕೇಳಿದೆ. ಅದನ್ನು ಸಂಶೋಧಕರು ಇನ್ನೂ ಹುಡುಕುತ್ತಿದ್ದಾರೆ, ನಿಮ್ಮ ತಲೆಯ ಬಗ್ಗೆ ಖಚಿತವಾಗಿ ಹೇಳಲಾರೆ ಎಂದರು. ಗೊತ್ತಿಲ್ಲವೆಂದು ಹೇಳಬಲ್ಲ ಆ ಡಾಕ್ಟರು ನನಗೆ ಹಿಡಿಸಿದರು. ಆಮೇಲೆ ಕೇಳಿದರು:

"ಉಪವಾಸ ಏನಾದ್ರೂ ಮಾಡ್ತೀರಾ?"

ಅತ್ತೆ ಸೀರೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದರು.

ವಾಪಸ್ ಬಸ್ಸಿನಲ್ಲಿ ಭದ್ರಾವತಿ ದಾಟಿದ ಮೇಲೆ ಹೇಳಿದರೋ, ನಮ್ಮ ಮನೆಯ ಮೆಟ್ಟಿಲ ಮೇಲೋ, ಎರಡು ಜಾಗವೂ ನೆನಪಿನಲ್ಲಿವೆ. ಮಾತು ಮಾತ್ರ ಒಂದೇ.

"ಹರಕೆ ಹೊತ್ತೋಳು ನಾನು. ಇನ್ಮೇಲೆ ಉಪಾಸ ನಂದು. ನೀನು ಹೊತ್ಹೊತ್ತಿಗೆ ಉಣ್ಣು."

"ದೇವ್ರು ಒಪ್ತಾನಾ ಅತ್ತೆ?"

"ಅವನ ಹೊಟ್ಟೆ ನೋಡಿದ್ದೀಯಲ್ಲ. ಹಸ್ಕೊಂಡಿರು ಅಂತ ಅವನ್ಯಾಕೆ ಹೇಳ್ತಾನೆ? ಹೇಳ್ದೋಳು ನಾನು ಕಣೇ."

ಎಪ್ಪತ್ತು ದಾಟಿದ ಹೆಂಗಸು. ಆಡಿದ ಮಾತನ್ನು ತನ್ನ ಹಸಿವು ಕೊಟ್ಟು ಹಿಂದಕ್ಕೆ ಪಡೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಗ ಅಜ್ಜಂಪುರದ ಬಸ್ಸಿಗೆ ಹೊರಡುವ ಮೊದಲು ನಾನು ತಿಂಡಿ ತಿಂದೇ ಏಳಬೇಕು. ಬ್ಯಾಗಿನಲ್ಲಿ ಊಟದ ಡಬ್ಬಿ ಇರುತ್ತದೆ, ಸಂಜೆ ಅತ್ತೆ ಅದನ್ನು ತೆರೆದು ಖಾಲಿಯಾಗಿದೆಯೇ ಎಂದು ನೋಡುತ್ತಾರೆ.

ತಲೆನೋವು ಕಡಿಮೆಯಾಗಿದೆ. ನಿಂತಿಲ್ಲ. ಹೊತ್ತಿಗೆ ಸರಿಯಾಗಿ ತಿಂದಿದ್ದರೂ ಒಂದು ದಿನ ಬೋರ್ಡಿನ ಎಡಭಾಗ ಮಾಯವಾಯಿತು. ಅದನ್ನು ಬಿಟ್ಟು ಬರೆದರೆ ಈ ಕಥೆ ಇನ್ನೂ ಚೆನ್ನಾಗಿರುತ್ತಿತ್ತು.

ಮೊನ್ನೆಯ ಸಂಕಷ್ಟಿಗೂ ಮೋಡ. ನಾನು ಅನ್ನ ಸಾರು ಉಣ್ಣುತ್ತಿದ್ದೆ. ಎದುರಿಗೆ ಅತ್ತೆ, ಬರೀ ನೀರು ಕುಡಿದುಕೊಂಡು, ಇನ್ನಷ್ಟು ಮೊಸರು ಹಾಕಿಕೋ ಎನ್ನುತ್ತಿದ್ದರು. ಫೋನ್ ಬಂತು.

"ಬಂದ ಕಣಕ್ಕಾ, ಎದ್ದು ಉಣ್ಣು," ಎಂದರು ಸರೋಜಮ್ಮ. "ಅವಳ ತಲೆ ಹೆಂಗೈತೆ?"

ಅತ್ತೆ ನನ್ನ ಮುಖ ನೋಡಿದರು. ಎಡಗಡೆಯ ಕಣತಲೆ ಒತ್ತಿ ನೋಡಿಕೊಂಡೆ. ಹಗುರವಾಗಿತ್ತು. ಹಾಗೆಂದು ಹೇಳಿದೆ. ಅವರು ತಟ್ಟೆ ಹಾಕಿಕೊಂಡರು.

ಬೋರ್ಡಿನ ಮುಂದೆ ಇನ್ನೂ ನಿಂತಿದ್ದೇನೆ. ಮಾತ್ರೆಯೋ, ಡಬ್ಬಿಯೋ, ಅತ್ತೆಯ ಉಪವಾಸವೋ, ನನ್ನನ್ನು ನಿಲ್ಲಿಸಿರುವುದು ಯಾವುದೆಂದು ನನಗೆ ಗೊತ್ತಿಲ್ಲ.