ಹತ್ತು ಗಂಟಿನ ಎಲೆ

ಮೊನ್ನೆ ಆದಿತ್ಯವಾರ ಊಟವಾದ ಮೇಲೆ ನನ್ನ ಮೊಮ್ಮಗಳು ಸ್ಫೂರ್ತಿ ಮೇಜು ಒರೆಸಿ, ಅದರ ಮೇಲೆ ನನ್ನದೇ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡೊಂದು ಹಾಸಿ, ಡಬ್ಬಿಯಿಂದ ಎಲೆಗಳ ಕಟ್ಟು ತೆಗೆದಳು. ನಾನು ಇಸ್ಪೀಟು ಅಂದುಕೊಂಡೆ. ಈ ಮನೆಯಲ್ಲಿ ಯಾರೂ ಆಡುವವರಿಲ್ಲ, ಈ ಹುಡುಗಿಗೆ ಯಾವಾಗ ಹತ್ತಿತು ಈ ಚಟ ಅಂತ ನನ್ನ ಮಾಸ್ತರಕಿ ತಲೆ ಕೆಟ್ಟಿತು. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಯಾರಾದರೂ ತಪ್ಪು ಮಾಡುತ್ತಿರಬೇಕು ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ ನೋಡಿ.

"ಆಟ ಅಲ್ಲ ಆಯಿ, ಟ್ಯಾರೋ," ಅಂದಳು. "ಮನಸಿನ್ಯಾಗ ಪ್ರಶ್ನಿ ಇಟ್ಕೊಂಡು ಒಂದು ಕಾರ್ಡ್ ತಗೀಬೇಕು. ಏನ್ ಮಾಡ್ಬೇಕಂತ ಅದು ಹೇಳ್ತದ."

"ಚಿತ್ರ ತಲಿಕೆಳಗ ಬಂತಂದ್ರ?"

"ಅರ್ಥಾನೂ ತಲಿಕೆಳಗ. ಹೌದು ಅಂಬೋದು ಇಲ್ಲ ಆಗ್ತದ."

ನಾನು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದೆ. ಅದು ಹಾಗೇ ಕೈಯಲ್ಲಿ ಉಳಿಯಿತು. ಹಣ್ಣಿನ ವಾಸನೆ, ಎದುರಿಗೆ ಬಣ್ಣದ ಎಲೆಗಳು, ಮೇಲೆ ಈ ಮಾತು. ಮೂರೂ ಕೂಡಿ ನನ್ನನ್ನು ಎತ್ತಿ ಕಮಲಾಪುರದ ನಮ್ಮ ಪಡಸಾಲೆಯಲ್ಲಿ ಕುಕ್ಕಿದವು. ಅಲ್ಲಿ ನಮ್ಮಪ್ಪ ಗಾದಿಗೆ ಒರಗಿ ಕೂತಿದ್ದ. ಸಂಗಮ್ಮತ್ತಿ ಎಲೆ ಕಲಸುತ್ತಿದ್ದಳು. ನನ್ನ ಅಕ್ಕ ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

ಸಂಗಮ್ಮತ್ತಿ ಅಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಬಂದವಳು ಅಂತ ನಾವು ಅನ್ನುತ್ತಿರಲಿಲ್ಲ, ಆದರೆ ಆಕೆ ತಾನೇ ಅದನ್ನು ಒಂದು ದಿನವೂ ಮರೆಯಲಿಲ್ಲ. ಎಲ್ಲರದೂ ಆದ ಮೇಲೆ ಉಣ್ಣುವಳು, ಎಲ್ಲರಿಗಿಂತ ಮೊದಲು ಏಳುವಳು, ಅಪ್ಪನ ಮಾರಿ ನೋಡಿ ಮಾತಾಡುವಳು. ಆಕೆಯ ಕೈಯಲ್ಲಿದ್ದ ಎಲೆಗಳು ಟ್ಯಾರೋನೂ ಅಲ್ಲ, ಇಸ್ಪೀಟೂ ಅಲ್ಲ. ಗಂಜೀಫಾ. ರೂಪಾಯಿಗಿಂತ ಸ್ವಲ್ಪ ದೊಡ್ಡ, ದುಂಡಗಿನ, ಅರಗಿನ ಹೊಳಪಿನ ಎಲೆಗಳು. ಕೆಲವದರ ಮೇಲೆ ಕಿರೀಟ, ಕೆಲವದರ ಮೇಲೆ ಕತ್ತಿ, ಕೆಲವದರ ಮೇಲೆ ಬಟ್ಟೆಯ ಗಂಟು. ಹೀಗೆ ಎಂಟು ಬಣ್ಣ. ಒಂದೊಂದು ಬಣ್ಣದಲ್ಲೂ ಒಂದರಿಂದ ಹತ್ತರ ತನಕ, ಅದರ ಮೇಲೆ ವಜೀರ, ಅವನ ಮೇಲೆ ಬಾದಶಹಾ.

ಲಿಂಗ ಕಟ್ಟಿದವರ ಮನೆಯಲ್ಲಿ ಬಾದಶಹಾನ ಎಲೆ ಎಲ್ಲಿಂದ ಬಂತು ಅಂತ ಕೇಳುತ್ತೀರೇನೋ. ಗೋಡೆಯ ಆಚೆಯಿಂದ ಬಂತು. ನಮ್ಮ ಮನೆಗೂ, ನಾವು ಮಕ್ಕಳು ಖಾಲಾ ಅಂತ ಕರೆಯುತ್ತಿದ್ದ ಮುಸಲ್ಮಾನರ ಹೆಣ್ಣುಮಗಳ ಮನೆಗೂ ಒಂದೇ ಗೋಡೆ, ಹಿತ್ತಲಲ್ಲಿ ಒಂದು ಸಣ್ಣ ಬಾಗಿಲು. ಖಾಲಾನ ಗಂಡ ನಿಜಾಮನ ಸರಕಾರಿ ಕಚೇರಿಯಲ್ಲಿ ಗುಮಾಸ್ತ, ತಣ್ಣಗಿನ ಮನುಷ್ಯ. ಮಗಳು ರಜಿಯಾ ನನ್ನ ವಾರಗೆಯವಳು. ಮಧ್ಯಾಹ್ನ ಖಾಲಾನ ಮನೆಯ ಹೆಣ್ಣುಮಕ್ಕಳು ಚಾಪೆ ಹಾಸಿ ಗಂಜೀಫಾ ಆಡುವರು. ಅತ್ತೆಗೆ ನೋಡುವ ಆಸೆ. ಆದರೆ ಅದು ಮಾಂಸ ಬೇಯುವ ಮನೆ, ಒಳಗೆ ಕಾಲಿಡುವಂತಿಲ್ಲ. ಹೊಸ್ತಿಲ ಈಚೆ ಮಣೆ ಹಾಕಿಕೊಂಡು ಕೂತು ಕತ್ತು ಉದ್ದ ಮಾಡುವಳು. ಖಾಲಾ ಎಷ್ಟೋ ಸಲ, "ಸಂಗಮ್ಮಾ, ಅಂದರ್ ಆವ್, ಚಾಪಿ ಮ್ಯಾಲ ಕೂಡು, ಆಟ ಕಲಿಸ್ತೀನಿ," ಅಂತ ಕರೆದಳು. ಅತ್ತೆ ನಕ್ಕು, "ಇಲ್ಲೇ ಛಲೋ ಅದ ರೀ," ಅನ್ನುವಳು. ಅತ್ತೆ ಕಲಿತದ್ದೆಲ್ಲ ಹೊಸ್ತಿಲ ಮೇಲಿಂದಲೇ. ಎಂಟನ್ನು ಒಂಬತ್ತು ಹೊಡೆಯುತ್ತದೆ, ಒಂಬತ್ತನ್ನು ಹತ್ತು ಹೊಡೆಯುತ್ತದೆ, ದೊಡ್ಡದು ದೊಡ್ಡದೇ. ಒಂದು ದಿನ ರಜಿಯಾ ಒಂದರ ಎಲೆ ಹಾಕಿ ಖಾಲಾನ ಹತ್ತನ್ನು ಎತ್ತಿಕೊಂಡದ್ದು ಕಂಡಿತಂತೆ. ಅತ್ತೆ ಮನೆಗೆ ಬಂದು ಕಣ್ಣು ಒದ್ದೆ ಮಾಡಿಕೊಂಡು ಹೇಳಿದಳು: "ಮಗಳ ಮ್ಯಾಲ ಎಷ್ಟು ಜೀವ ನೋಡವ್ವ ಆಕಿಂದು, ಬೇಕಂತನ ಸೋತಳು."

ಈ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ಆಮೇಲೆ ನಲವತ್ತೆಂಟರ ಆ ಸೆಪ್ಟೆಂಬರ್ ಬಂತು. ಅದಕ್ಕೆ ಮೊದಲು ನಿಜಾಮನ ಕಡೆಯ ರಜಾಕಾರರ ಹೆದರಿಕೆಗೆ ನಾವು ಬಾಗಿಲು ಹಾಕಿಕೊಂಡು ಕೂಡುತ್ತಿದ್ದೆವು. ಹಿಂದುಸ್ತಾನದ ಫೌಜು ಬಂದ ಮೇಲೆ ನಾವು ಬಾಗಿಲು ತೆರೆದೆವು, ಖಾಲಾನ ಮನೆಯವರು ಹಾಕಿಕೊಂಡರು. ಖಾಲಾನ ಗಂಡ ಕಲಬುರಗಿಗೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ. ಎಲ್ಲಿ ಹೋದ, ಏನಾದ, ಯಾರೂ ಹೇಳಲಿಲ್ಲ. ಗೊತ್ತಿದ್ದವರೂ ಹೇಳಲಿಲ್ಲ. ಖಾಲಾ ಹೈದರಾಬಾದಿನ ತಮ್ಮನ ಮನೆಗೆ ಹೊರಟಳು. ಹೊರಡುವಾಗ ಹಿತ್ತಲ ಬಾಗಿಲಿಗೆ ಬಂದು, ಒಂದು ಟ್ರಂಕು ಇಟ್ಟುಕೊಳ್ಳಿ, ಕಾಲ ಸುಧಾರಿಸಿದ ಮೇಲೆ ಒಯ್ಯುತ್ತೇನೆ ಅಂದಳು. ಅಪ್ಪ ನೆಲ ನೋಡುತ್ತ, "ಕಾಲ ನೆಟ್ಟಗಿಲ್ಲ ರೀ, ಮಂದಿ ಏನಂತಾರ," ಅಂದ. ಖಾಲಾ ಮತ್ತೆ ಕೇಳಲಿಲ್ಲ. ಕೈಯಲ್ಲಿದ್ದ ಗಂಜೀಫಾದ ಪೆಟ್ಟಿಗೆಯನ್ನು ಅತ್ತೆಯ ಉಡಿಯಲ್ಲಿ ಹಾಕಿ, "ನೀನು ನೋಡ್ತಿದ್ದಿಯಲ್ಲಾ," ಅಂದು ಹೋದಳು. ಟ್ರಂಕು ಬೇಡವಾಗಿದ್ದ ಮನೆಗೆ ಆಟದ ಪೆಟ್ಟಿಗೆ ಭಾರವಾಗಲಿಲ್ಲ.

ಆಡಲು ಅತ್ತೆಗೆ ಜೊತೆ ಯಾರಿದ್ದರು? ಪೆಟ್ಟಿಗೆಯನ್ನು ದೇವರ ಮಾಡದಲ್ಲಿಟ್ಟು, ಸೋಮವಾರ ವಿಭೂತಿ ಹಚ್ಚಿ, ಮೆಲ್ಲಗೆ ಪ್ರಶ್ನೆ ಕೇಳಲು ಶುರು ಮಾಡಿದಳು. ಎಮ್ಮೆ ಈಸಲ ಹೆಣ್ಣು ಹಾಕುತ್ತದೋ ಗಂಡೋ. ಅವ್ವನ ಹಲ್ಲು ಕೀಳಿಸಬೇಕೋ ಬ್ಯಾಡೋ. ದೊಡ್ಡ ಅಂಕಿ ಬಂದರೆ ಹೌದು, ಸಣ್ಣದು ಬಂದರೆ ಇಲ್ಲ. ಎಮ್ಮೆ ಹೆಣ್ಣು ಹಾಕಿತು. ಅಷ್ಟೇ ಸಾಕಾಯಿತು. ಅಪ್ಪನೂ ಬಂದು ಎದುರಿಗೆ ಕೂತ.

ಅಪ್ಪನದು ಸಣ್ಣ ಕಿರಾಣಿ ಅಂಗಡಿ, ದೊಡ್ಡ ಆಸೆ. ಆಮೇಲಾಮೇಲೆ ಕಲಬುರಗಿಗೆ ಸಂತೆಗೆ ಹೋಗಬೇಕಾದರೂ ಎಲೆ ತೆಗೆಯುವನು. ಎರಡರ ಎಲೆ ಬಂದರೆ, "ಛಲೋತ್ನಾಗಿ ಕಲಸಿಲ್ಲ ನೀ," ಅಂತ ಅತ್ತೆಯನ್ನೇ ಬೈದು ಇನ್ನೊಂದು ತೆಗೆಯುವನು. ನಾವು ಮಕ್ಕಳು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದೆವು. ಅವನು ಚೀಲ ಮೊದಲೇ ಹೆಗಲಿಗೆ ಹಾಕಿಕೊಂಡು ಎಲೆ ತೆಗೆಯುತ್ತಿದ್ದ ನೋಡಿ, ಅದಕ್ಕೇ ನಗೆ.

ನೀಲಕ್ಕ ಓದಿನಲ್ಲಿ ಹುಲಿ. ಮೊದಲು ಉರ್ದುವಿನಲ್ಲಿ ಓದಿದಳು, ನಿಜಾಮನ ರಾಜ್ಯ ಹೋಗಿ ಶಾಲೆ ಕನ್ನಡಕ್ಕೆ ತಿರುಗಿದ ಮೇಲೆ ಅದರಲ್ಲೂ ಓದಿ ಪಾಸಾದಳು. ಹಳ್ಳಿಹಳ್ಳಿಗೆ ಕನ್ನಡ ಕಲಿಸುವವರು ಬೇಕಾಗಿದ್ದ ಕಾಲ ಅದು. ಒಂದು ಸಂಜೆ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ತಾವೇ ನಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದರು: "ನೀಲಮ್ಮನ್ನ ಕಲಬುರಗಿಗೆ ಮಾಸ್ತರಕಿ ಟ್ರೇನಿಂಗಿಗೆ ಕಳಸ್ರಿ. ಅಲ್ಲಿ ನನ್ನ ತವರಮನ್ಯಾಗೇ ಇರ್ಲಿ. ವರ್ಷ ಕಳದ್ರ ನೌಕರಿ." ಆ ರಾತ್ರಿ ನೀಲಕ್ಕ ಉಂಡಳೋ ಇಲ್ಲೋ ಆಕೆಗೇ ಗೊತ್ತಿರಲಿಲ್ಲ. ನನ್ನನ್ನು ಕೂಡಿಸಿಕೊಂಡು, ಕಟ್ಟಿಗೆಯ ಕರಿಯ ಹಲಗೆ ಇದೆಯೆಂದು ಭಾವಿಸಿ, ಗಾಳಿಯಲ್ಲಿ ಬೆರಳಿನಿಂದ ಅಕ್ಷರ ಬರೆದು ತೋರಿಸಿದಳು.

ಅದೇ ವಾರ ಕಲಬುರಗಿಯಿಂದ ಒಂದು ಸಂಬಂಧವೂ ಬಂತು. ತೊಗರಿ ವ್ಯಾಪಾರದವರು, ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ದಲಾಲಿಯ ಅಡತಿ ಅಂಗಡಿ. ಹುಡುಗ ಅಂತ ಅನ್ನಬೇಕು, ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಹೆಂಡತಿ ಸತ್ತಿದ್ದಳು, ಎರಡು ಮಕ್ಕಳಿದ್ದವು. ಅಪ್ಪನಿಗೆ ಗಂಜಿನಲ್ಲಿ ಒಂದು ಕಾಲಿಡುವ ಜಾಗ ಕಂಡಿತು. ಬಂದವರು ಒಂದು ಗೊನೆ ಕೆಂಪು ಬಾಳೆಹಣ್ಣು ಕೊಂಡು ಒಳಗಿಟ್ಟಿದ್ದರು, ನಮ್ಮ ಊರಿನ ಹಣ್ಣನ್ನೇ ನಮಗೆ. ಮನೆಯೆಲ್ಲ ಅದರದೇ ವಾಸನೆ.

ಅವ್ವ ಮೆಲ್ಲಗೆ, "ಹುಡುಗಿನ್ನ ಒಂದು ಮಾತು ಕೇಳ್ರಿ," ಅಂದಳು. ಅಪ್ಪ, "ಎಲಿ ಕೇಳೂಣು," ಅಂದ.

ಅತ್ತೆ ಕಲಸಿ, ಮೊರದಲ್ಲಿ ಬೋರಲು ಹರಡಿದಳು. ಆಗ ನೀಲಕ್ಕ ಬಾಗಿಲಿಂದ ಹೇಳಿದಳು: "ಅತ್ತಿ, ನಾ ಒಂದು ತಗೀಲೇನು?"

ಅತ್ತೆ ಅಪ್ಪನ ಮಾರಿ ನೋಡಿದಳು.

"ಕೇಳಾಂವ ತಗೀಬೇಕು," ಅಂದ ಅಪ್ಪ. "ಕೇಳಾಂವ ನಾನು. ಈ ಸಂಬಂಧ ಮಾಡ್ಲೇನು ಬ್ಯಾಡೇನು?" ಅಂತ ಗಟ್ಟಿಯಾಗಿ ಅಂದು, ಒಂದು ಎತ್ತಿ ತಿರುವಿದ.

ಬಟ್ಟೆಯ ಗಂಟಿನ ಎಲೆ, ಹತ್ತು ಗಂಟು. ಕೆಂಪು ಹಿನ್ನೆಲೆಯಲ್ಲಿ ಎರಡು ಸಾಲಾಗಿ ಒಪ್ಪವಾಗಿ ಇಟ್ಟಿದ್ದವು. ಅತ್ತೆಯ ಮಾರಿ ಅರಳಿತು. "ಹತ್ತು ಗಂಟು ಬಂತಲ್ಲೋ ತಮ್ಮಾ! ತುಂಬಿದ ಮನಿ. ಇದಕಿಂತ ಛಲೋದು ಇನ್ನೇನದ?" ಅಂದಳು. ನೀಲಕ್ಕ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಬಡಿತ ಓಣಿಗೆಲ್ಲ ಕೇಳಿಸಿತು.

ಮದುವೆಯಾಯಿತು. ತುಂಬಿದ ಮನೆಯೇ, ಸುಳ್ಳಲ್ಲ. ಸವತಿಯ ಮಕ್ಕಳು, ತನ್ನ ಮಕ್ಕಳು, ಗಂಡನ ತಾಯಿ, ಹಮಾಲರ ಊಟ, ತೊಗರಿ ಧೂಳು. ಗಂಡ ಹೊಡೆಯಲಿಲ್ಲ, ಬೈಯಲಿಲ್ಲ, ಮಾತೂ ಆಡಲಿಲ್ಲ. ಮನೆಗೆ ಬಂದ ಪೇಪರನ್ನು ನೀಲಕ್ಕ ಓದಲು ಕೂತರೆ, "ಹೆಂಗಸರಿಗೆ ಯಾಕ ಅದು," ಅಂತ ಅದನ್ನು ಕಸಿದುಕೊಂಡು ಬೇಳೆ ಕಟ್ಟಲು ಅಂಗಡಿಗೆ ಕಳಿಸುವನು. ಅಪ್ಪನಿಗೆ ಗಂಜಿನಲ್ಲಿ ಯಾವ ಜಾಗವೂ ಸಿಗಲಿಲ್ಲ, ಅಳಿಯ ಅಂಗಡಿಯ ಕಟ್ಟೆ ಹತ್ತಿಸಲಿಲ್ಲ. ನನ್ನ ಸರದಿ ಬರುವ ಹೊತ್ತಿಗೆ ಅಪ್ಪನಿಗೆ ಸಂಬಂಧದ ಹುಮ್ಮಸ್ಸೇ ಆರಿತ್ತು. ಹಾಗಾಗಿ ನಾನು ಟ್ರೇನಿಂಗಿಗೆ ಹೋದೆ. ಅಕ್ಕನ ಪಾಲಿನದನ್ನು ನಾನು ಉಂಡೆ. ಅದರ ರುಚಿ ಎಂಥದೆಂದು ನನ್ನನ್ನು ಕೇಳಬೇಡಿ.

ಮೈಸೂರು ರಾಜ್ಯಕ್ಕೆ ನಮ್ಮ ಜಿಲ್ಲೆ ಸೇರಿ ಕೆಲವು ವರ್ಷದ ಮೇಲೆ, ನಾನು ಕಲಬುರಗಿಯ ಶಾಲೆಯಲ್ಲಿದ್ದಾಗ, ಮಗಳನ್ನು ಸೇರಿಸಲು ಒಬ್ಬ ಹೆಣ್ಣುಮಗಳು ಬಂದಳು. ಬುರಖಾ ಸರಿಸಿ ನಕ್ಕಳು. ರಜಿಯಾ! ಲಗ್ನವಾಗಿ ಇದೇ ಊರಿಗೆ ಬಂದಿದ್ದಳು, ಖಾಲಾ ತೀರಿಹೋಗಿದ್ದಳು. ಇಬ್ಬರೂ ಅತ್ತೆವು, ನಕ್ಕೆವು. ಮಾತಿಗೆ ಮಾತು ಬಂದು ಗಂಜೀಫಾ ಬಂತು. ನಾನು ಅತ್ತೆಯ ಶಾಸ್ತ್ರ ಹೇಳಿದೆ, ಹತ್ತು ಗಂಟಿನ ಎಲೆಯ ಕಥೆಯನ್ನೂ ಹೇಳಿದೆ. ರಜಿಯಾಳ ನಗೆ ನಿಂತಿತು.

"ಗಂಟಿಂದಾ? ಹಾಯ್ ಅಲ್ಲಾ! ಅದು ಉಲ್ಟಾ ಅಲ್ಲೇನವಾ," ಅಂದಳು. "ನಾಕು ಬಣ್ಣದಾಗ ಹತ್ತು ದೊಡ್ಡದು. ಇನ್ನ ನಾಕರಾಗ ಒಂದು ದೊಡ್ಡದು, ಹತ್ತು ಎಲ್ಲಕಿಂತ ಸಣ್ಣದು. ಗಂಟು ಉಲ್ಟಾದ್ರಾಗ ಬರ್ತದ. ಅದಕಿಂತ ಕೆಟ್ಟ ಎಲಿನೇ ಇಲ್ಲ."

"ಮತ್ತ ನೀ ಒಂದು ಹಾಕಿ ಖಾಲಾನ ಹತ್ತು ಎತ್ತಿದ್ದಿ. ಬೇಕಂತ ಸೋತಳು ಅಂತಿದ್ದಳು ಅತ್ತಿ."

"ಅಮ್ಮೀ? ಬೇಕಂತ?" ರಜಿಯಾ ಕಣ್ಣು ಒರೆಸಿಕೊಂಡಳು. "ಆಟದಾಗ ಆಕಿ ನಮ್ಮಪ್ಪಗೂ ಸೋತಾಕಿ ಅಲ್ಲ. ಸಂಗಮ್ಮಾ ಒಂದ್ಸಲ ಒಳಗ ಬಂದು ಕುಂತಿದ್ರ ಅಮ್ಮೀನೇ ಹೇಳ್ತಿದ್ದಳು."

ಒಂದು ಹೊಸ್ತಿಲು ದಾಟಿದ್ದರೆ! ಚಾಪೆಯ ಮೇಲೆ ಒಂದು ಗಳಿಗೆ ಕೂತಿದ್ದರೆ! ಅರ್ಧ ಆಟ ಕಲಿತು ಪೂರ್ತಿ ಬಾಳನ್ನು ತೂಗಿಬಿಟ್ಟಳಲ್ಲ ಅಂತ ಅತ್ತೆಯ ಮೇಲೆ, ಆಗಲೇ ಸತ್ತಿದ್ದವಳ ಮೇಲೆ, ಬಾಯಿಗೆ ಬಂದದ್ದು ಬೈದುಕೊಳ್ಳುತ್ತ ನೀಲಕ್ಕನ ಮನೆಗೆ ಹೋದೆ. ಆಕೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಎಲೆ ಬ್ಯಾಡ ಅಂದಿತ್ತು ಅಕ್ಕಾ, ಬ್ಯಾಡ ಅಂತಲೇ ಅಂದಿತ್ತು.

ನೀಲಕ್ಕ ತಲೆ ಎತ್ತಲಿಲ್ಲ. ಒಂದು ಹರಳು ಆರಿಸಿ ಆಚೆ ಒಗೆದಳು.

"ಬ್ಯಾಡ ಅಂತ ಅತ್ತಿ ಓದಿದ್ರ ಏನಾಗ್ತಿತ್ತು?" ಅಂದಳು. "ಛಲೋತ್ನಾಗಿ ಕಲಸಿಲ್ಲ ಅಂತ ಅಪ್ಪ ಇನ್ನೊಂದು ತಗೀತಿದ್ದ. ಹೌದು ಅಂಬೋತನಕ ತಗೀತಿದ್ದ. ಅತ್ತಿಗೂ ಗೊತ್ತಿತ್ತು ಅದು. ಆಕಿನೂ ಉಣಬೇಕಲ್ಲ ಆ ಮನ್ಯಾಗ?"

ಮೊರವನ್ನು ಒಮ್ಮೆ ಕೇರಿ, ಚಹಾದ ಲೋಟ ನನ್ನ ಕಡೆ ಸರಿಸಿದಳು.

"ಚಾ ಆರ್ತದ, ಕುಡಿ," ಅಂದಳು.

ನಿಜ ಹೇಳುತ್ತೇನೆ, ಆಕೆಯ ಮಾತನ್ನು ನಾನು ಪೂರಾ ಒಪ್ಪಿಕೊಂಡಿರಲಿಲ್ಲ. ಮನುಷ್ಯರ ಮೇಲೆ ಸಿಟ್ಟಾಗುವುದಕ್ಕಿಂತ ಎಲೆಯ ಮೇಲೆ, ಅರ್ಧ ಕಲಿತ ಮುದುಕಿಯ ಮೇಲೆ ಸಿಟ್ಟಾಗುವುದು ಸಸಾರ. ನೀಲಕ್ಕ ತೀರಿಹೋಗಿ ಎಷ್ಟೋ ಕಾಲವಾಯಿತು. ಸಿಟ್ಟನ್ನು ಮಾತ್ರ ನಾನು ಜೋಪಾನವಾಗಿ ಅತ್ತೆಯ ಹೆಸರಲ್ಲೇ ಇಟ್ಟುಕೊಂಡಿದ್ದೆ, ಮೊನ್ನೆ ಆದಿತ್ಯವಾರದ ತನಕ.

ಸ್ಫೂರ್ತಿಗೆ ಒಂದು ಸಂಬಂಧ ಬಂದಿದೆ. ನಂದೂರಿನಲ್ಲಿ ದಾಲ್ ಮಿಲ್ಲಿರುವ ಮನೆ. ಹುಡುಗ ಕೆಟ್ಟವನಲ್ಲ. ಆದರೆ ಆಕೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಡಬೇಕಂತೆ. ಅವಳ ಅಪ್ಪ, ಅಂದರೆ ನನ್ನ ಮಗ ಬಸವರಾಜ, ತಿಂಗಳಿಂದ ಆ ಮನೆಯವರ ಗುಣಗಾನ ಮಾಡುತ್ತಿದ್ದಾನೆ. "ನಿನ್ನ ಇಷ್ಟ ತಂಗೀ, ನಂದೇನೂ ಜುಲುಮಿಲ್ಲ," ಅಂತ ದಿನಾ ಜುಲುಮೆ ಮಾಡುತ್ತಾನೆ. ಎಲೆಗಳನ್ನು ಈ ಹುಡುಗಿ ಯಾಕೆ ತರಿಸಿದಳು ಅಂತ ಆಗ ನನಗೆ ತಿಳಿಯಿತು. ಇಲ್ಲ ಅನ್ನುವುದನ್ನು ಬೇರೆ ಯಾರಾದರೂ ಅನ್ನಲಿ ಅಂತ.

ಕಣ್ಣು ಮುಚ್ಚಿ ಒಂದು ತೆಗೆದು ತಿರುವಿದಳು. ಚಿತ್ರ ತಲೆಕೆಳಗಾಗಿ ಬಂದಿತ್ತು.

"ಉಲ್ಟಾ ಅದ," ಅಂದಳು. ಅವಳ ದನಿಯಲ್ಲಿದ್ದದ್ದು ಖುಷಿ. ಕಿವಿಯಲ್ಲಿ ಯಂತ್ರ ಹಾಕಿಕೊಂಡ ನನಗೂ ಕೇಳಿಸಿತು.

ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಬಸವರಾಜ ಮೊಬೈಲಿನಿಂದ ತಲೆ ಎತ್ತಿದ. ನಗುನಗುತ್ತಲೇ ಅಂದ: "ನೆಟ್ಟಗ ಕಲಸಿಲ್ಲ ನೀ. ಇನ್ನೊಂದು ತಗಿ."

ಅವನು ತನ್ನ ಅಜ್ಜನನ್ನು ಸರಿಯಾಗಿ ನೋಡಿದವನೂ ಅಲ್ಲ. ಈ ಕಥೆಯನ್ನು ನಾನು ಅವನಿಗೆ ಹೇಳಿಯೂ ಇಲ್ಲ. ಆದರೂ ಅದೇ ಮಾತು, ಅದೇ ನಗೆ. ಹುಡುಗಿಯ ಕೈ ಮತ್ತೆ ಕಟ್ಟಿನ ಕಡೆ ಹೋಯಿತು. ನಾನು ಬಾಳೆಹಣ್ಣು ಹಿಡಿದ ಕೈಯನ್ನೇ ಎಲೆಗಳ ಮೇಲೆ ಬಡಿದೆ. ಹಣ್ಣು ಅಪ್ಪಚ್ಚಿಯಾಗಿ ಹೋಯಿತು.

"ಬಸವರಾಜ, ಎದ್ದು ಹೊರಗ ಹೋಗು."

"ಯಾಕವ್ವಾ, ನಾ ಏನಂದೆ?"

"ಹೊರಗ ಹೋಗಂದೆ."

ಅರವತ್ತರ ಹತ್ತಿರದ ಮಗ, ಶಾಲೆಯ ಹುಡುಗನ ಹಾಗೆ ಎದ್ದು, ಗೊಣಗುತ್ತ ಹೊರಗೆ ಹೋದ. ಬಾಗಿಲು ನಾನೇ ಹಾಕಿದೆ.

"ಈಗ ಹೇಳು. ನಿನಗೇನು ಬೇಕು?"

ಸ್ಫೂರ್ತಿ ಮೊದಲು ಬಾಗಿಲು ನೋಡಿದಳು, ಆಮೇಲೆ ನನ್ನನ್ನು. "ನಾ ಪಾಠ ಕಲಿಸ್ಬೇಕು ಆಯಿ," ಅಂದಳು. "ಕಾಲೇಜ್ ಬಿಡಾಂಗಿಲ್ಲ ನಾ."

ಇಷ್ಟೇ ಕೆಲಸ. ಒಬ್ಬನನ್ನು ಎಬ್ಬಿಸಿ ಹೊರಗೆ ಕಳಿಸಿ, ಒಬ್ಬಳನ್ನು ಕೇಳುವುದು. ಅಂದು ಕಮಲಾಪುರದ ಪಡಸಾಲೆಯಲ್ಲಿ ನಾವು ಅಷ್ಟು ಮಂದಿ ಇದ್ದೆವು. ನೀಲಕ್ಕನಿಗೆ ಇಷ್ಟನ್ನು ಮಾಡುವವರು ಒಬ್ಬರೂ ಇರಲಿಲ್ಲ.