ಬೆಳಿಗ್ಗೆ ಸತ್ತವನು ಊಟ ಮಾಡಿ ಮತ್ತೆ ಬಂದ

ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಅಬೂ ಸಲೀಂ ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದರು. "ಆ ಸಿನೆಮಾದಲ್ಲಿ ನನ್ನ ಅಣ್ಣ ಇದ್ದಾನೆ!"

ನನಗೆ ಮೈ ಜುಮ್ಮೆಂದಿತು!

ಎಂಬತ್ತರ ದಶಕ, ಗಲ್ಫ್‌ನ ಅಲ್ ಖಫ್ಜಿ ಎಂಬ ಊರು. ಉಡುಪಿಯಿಂದ ಹೋದ ನಾನು ಆಯಿಲ್ ಕಂಪೆನಿಯೊಂದರ ಸ್ಟೋರಿನಲ್ಲಿ ಕ್ಲರ್ಕ್. ಊರಲ್ಲಿ ದಿನಾ ಥಿಯೇಟರಿಗೆ ಓಡುತ್ತಿದ್ದ ಸಿನೆಮಾ ಹುಚ್ಚ, ಒಂದೂ ಥಿಯೇಟರ್ ಇಲ್ಲದ ದೇಶಕ್ಕೆ ಹೋಗಿ ಬಿದ್ದಿದ್ದೆ. ಶುಕ್ರವಾರ ಕ್ಯಾಂಪಿನಲ್ಲಿ ನೋಡುವ ವಿಡಿಯೋ ಕ್ಯಾಸೆಟ್ಟೇ ಗತಿ.

ಆ ವಾರ ಸಿಕ್ಕಿದ್ದು ಹಾಲಿವುಡ್‌ನ ಹಳೇ ಕತ್ತಿವರಸೆ ಸಿನೆಮಾ. ಸುಲ್ತಾನ, ಮರುಭೂಮಿ, ಯುದ್ಧ... ಅದರ ಕಥೆಯನ್ನೇ ನಾನು ಬಸ್ಸಿನಲ್ಲಿ ಕೊಚ್ಚುತ್ತಿದ್ದೆ.

ಅಬೂ ಸಲೀಂ ಜೋರ್ಡನ್‌ನವರು, ತಲೆ ಪೂರ್ತಿ ಬೆಳ್ಳಗಾದವರು. ಶೂಟಿಂಗ್ ನಡೆದದ್ದು ಅವರ ಊರಿನ ಪಕ್ಕವಂತೆ. ಕುದುರೆ ಓಡಿಸಲು ಬರುವವರನ್ನೆಲ್ಲ ಕರೆದುಕೊಂಡು ಹೋಗಿದ್ದರಂತೆ.

ಆಮೇಲೆ ನಾನು ಬಿಡ್ತೇನಾ? ದಿನಾ ಡ್ರೈವರ್ ಹಿಂದಿನ ಸೀಟೇ ನನ್ನದು. ಅಣ್ಣ ಮನೆಗೆ ಬಂದು ಹೇಳುತ್ತಿದ್ದ ಕಥೆಗಳು ಒಂದೊಂದಾಗಿ ಹೊರಗೆ ಬಂದವು.

ಹೀರೋಗೆ ಒಂಟೆ ಅಂದರೆ ಜೀವಭಯವಂತೆ! ಕೆಳಗೆ ಜೀಪು, ಜೀಪಿನ ಮೇಲೆ ಮರದ ಜೀನು, ಅದರ ಮೇಲೆ ನಮ್ಮ ಶೂರ. ಹೀರೋಯಿನ್ ಟೆಂಟಿಗೆ ದಿನಾ ಲಾರಿಯಲ್ಲಿ ಐಸ್ ಬರುತ್ತಿತ್ತಂತೆ. ಒಂದು ಶಾಟ್ ಆದರೆ ಸಾಕು, ಹೆಜ್ಜೆ ಗುರುತು ಕಾಣಬಾರದೆಂದು ಹತ್ತಾರು ಜನ ಮರುಭೂಮಿಯನ್ನೇ ಗುಡಿಸಬೇಕಂತೆ! ಹುಡುಕಿದರೂ ಜನ ಸಾಲದೆ, ಬೆಳಿಗ್ಗೆ ಸುಲ್ತಾನನ ಸೈನ್ಯದಲ್ಲಿ ಸತ್ತವರೇ ಊಟ ಮಾಡಿ, ಕಪ್ಪು ರುಮಾಲು ಸುತ್ತಿಕೊಂಡು ಶತ್ರುಗಳಾಗಿ ಬರುತ್ತಿದ್ದರಂತೆ.

"ಅಣ್ಣ ಬೀಳುವುದನ್ನು ಕ್ಯಾಮೆರಾದ ಎದುರೇ ತೆಗೆದಿದ್ದಾರೆ. ಮುಖ ಚೆನ್ನಾಗಿ ಕಾಣುತ್ತದಂತೆ" ಅಂದರು ಒಂದು ದಿನ.

ಅಣ್ಣ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಮನೆಯಲ್ಲಿ ಒಂದು ಫೋಟೋ ಇಲ್ಲ. ಇವರಿಗೆ ಆ ಸಿನೆಮಾ ನೋಡಲು ಸಿಕ್ಕಿರಲೇ ಇಲ್ಲ. "ಧ್ವನಿ ನೆನಪಿದೆ. ಮುಖ ಮಾತ್ರ ಹೋಗ್ತಾ ಇದೆ..." ಆ ಕ್ಯಾಸೆಟ್ ಇನ್ನೂ ನಮ್ಮ ರೂಮಿನಲ್ಲೇ ಇತ್ತು, ನೋಡಲು ಬನ್ನಿ ಎಂದು ಕರೆದೆ.

ಶುಕ್ರವಾರ ನಮಾಜ್ ಮುಗಿಸಿ, ಇಸ್ತ್ರಿ ಹಾಕಿದ ತೋಬ್ ನಿಲುವಂಗಿ ತೊಟ್ಟು, ಖರ್ಜೂರದ ಡಬ್ಬಿ ಹಿಡಿದು ನಮ್ಮ ರೂಮಿಗೆ ಬಂದರು. ಮದುವೆಮನೆಗೆ ಬಂದ ಹಾಗೆ!

ಸಿನೆಮಾ ಶುರುವಾಯಿತು. ಹೀರೋ ಒಂಟೆ ಮೇಲೆ ಬಂದಾಗ ನಾವಿಬ್ಬರೂ "ಜೀಪು! ಜೀಪು!" ಎಂದು ಬಿದ್ದು ಬಿದ್ದು ನಕ್ಕೆವು. ಕೊನೆಗೂ ಯುದ್ಧ ಬಂತು. ತುತ್ತೂರಿ ಮೊಳಗಿತು, ಸುಲ್ತಾನನ ಕುದುರೆಗಳು ಹೊರಟವು. ಅಬೂ ಸಲೀಂ ಕುರ್ಚಿಯ ತುದಿಗೆ ಬಂದರು...

ಪರದೆ ಒಮ್ಮೆ ನಡುಗಿತು. ಮುಂದೆ ನೋಡಿದರೆ ಬಂಟ್ವಾಳದ ಚಪ್ಪರ! ಸಾಲಾಗಿ ಕೂತವರಿಗೆ ಬಿರಿಯಾನಿ ಬಡಿಸುತ್ತಿದ್ದಾರೆ.

ನನ್ನ ರೂಮ್‌ಮೇಟ್ ಹಮೀದ್ ತಲೆ ಮೇಲೆ ಕೈ ಇಟ್ಟ. ಅವನ ತಂಗಿಯ ಮದುವೆ. ಕಂಪೆನಿ ರಜೆ ಕೊಡದೆ ಅವನು ಹೋಗಲಾಗದ ಮದುವೆ.

ಆಗ ಊರಿಂದ ಮದುವೆ ಕ್ಯಾಸೆಟ್ ಒಂದು ಬಂದರೆ ಊರಿನವರಿರುವ ಕ್ಯಾಂಪ್‌ಗಳಿಗೆಲ್ಲ ಸುತ್ತುತ್ತಿತ್ತು. ಕೈಗೆ ಬಂದಾಗ ಎರಡು ವಿಸಿಆರ್ ಜೋಡಿಸಿ, ಸಿಕ್ಕಿದ ಕ್ಯಾಸೆಟ್ಟಿಗೆ ಕಾಪಿ ಹೊಡೆದುಕೊಳ್ಳಬೇಕು. ಇವನಿಗೆ ಸಿಕ್ಕಿದ್ದು ಇದೇ ಕ್ಯಾಸೆಟ್ಟು!

"ಇಂಗ್ಲಿಷ್ ಪಿಕ್ಚರ್, ಯಾರು ನೋಡ್ತಾರೆ ಅಂತ ಮಾಡಿದೆ ಮಾರಾಯ..." ಅವನಿಗೆ ಅಳುವುದೊಂದು ಬಾಕಿ.

ಅಬೂ ಸಲೀಂ ಬೈಯಲಿಲ್ಲ. ಯಾರ ಮದುವೆ ಎಂದು ಕೇಳಿ, "ಮಬ್ರೂಕ್" ಎಂದು ಹಮೀದನ ಕೈ ಕುಲುಕಿದರು. ಖರ್ಜೂರದ ಡಬ್ಬಿ ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದರು.

ಆಗ ತಲೆಯಲ್ಲಿ ಫಕ್ಕನೆ ಹೊಳೆಯಿತು.

"ಅಬೂ ಸಲೀಂ, ಹೋಗ್ಬೇಡಿ! ಅಣ್ಣ ಬೆಳಿಗ್ಗೆ ಅಲ್ವಾ ಸತ್ತದ್ದು? ಮಧ್ಯಾಹ್ನ ಶತ್ರು ಸೈನ್ಯದಲ್ಲಿ ಬರಬೇಕಲ್ಲ!"

ಅವರು ನಿಂತಲ್ಲೇ ನಿಂತರು. "ಯಲ್ಲಾ! ಮುಂದೆ ಓಡಿಸು! ಅವನು ಎಡಚ, ಕತ್ತಿ ಎಡಗೈಯಲ್ಲಿರುತ್ತದೆ!"

ಓಡಿಸಿದೆ. ಬಿರಿಯಾನಿ ಓಡಿತು, ಚಪ್ಪರ ಓಡಿತು, ಮದುಮಗನ ಮೆರವಣಿಗೆ ಓಡಿತು. ಮತ್ತೆ ಮರುಭೂಮಿ!

ದಿಬ್ಬದ ಹಿಂದಿನಿಂದ ಕಪ್ಪು ರುಮಾಲಿನವರು ನುಗ್ಗಿ ಬರುತ್ತಿದ್ದಾರೆ. ನಮ್ಮ ಮೂವರ ಮೂಗೂ ಟಿವಿಗೆ ತಾಗುವುದೊಂದು ಬಾಕಿ. ಬಲಗೈ, ಬಲಗೈ, ಬಲಗೈ...

"ಎಡಗೈ!" ಹಮೀದ್ ಕಿರುಚಿದ. ನಾನು ಪಾಜ್ ಬಟನ್ ಒತ್ತಿದೆ.

ಗೆರೆ ಗೆರೆಯಾಗಿ ನಡುಗುವ ಚಿತ್ರ. ಬಾಯಿ ತೆರೆದು ಕೂಗುತ್ತಿರುವ ಒಬ್ಬ ಎಳೆಯ ಯುವಕ.

ಅಬೂ ಸಲೀಂ ಟಿವಿಯ ಗಾಜಿನ ಮೇಲೆ ಕೈ ಇಟ್ಟರು. "ಇವನೇ... ಎಷ್ಟು ಚಿಕ್ಕವನಿದ್ದಾನೆ! ಈಗ ನನ್ನ ಮಗನ ಹಾಗೆ ಕಾಣ್ತಾನೆ."

ರಿವೈಂಡ್ ಮಾಡಿದೆ. ಮತ್ತೆ ಬಂದ. ಸಂಜೆಯವರೆಗೆ ಅದೇ ಕೆಲಸ! ಬಂದಾಗಲೆಲ್ಲ ನಾವು ಮೂವರೂ ಚಪ್ಪಾಳೆ ತಟ್ಟಿದೆವು.

ಹೊರಡುವಾಗ ಹಮೀದ್ ಕ್ಯಾಸೆಟ್ ತೆಗೆದು ಅವರ ಕೈಯಲ್ಲಿಟ್ಟ. ಮದುವೆಯ ಸಮೇತ. ಅವನ ಹತ್ತಿರ ಇದ್ದದ್ದೇ ಆ ಒಂದು ಕಾಪಿ.

"ನಿನಗೆಂತ ಮರುಳಾ?" ಎಂದು ಆಮೇಲೆ ಕೇಳಿದೆ.

"ತಂಗಿ ನನಗೆ ರಜೆಯಲ್ಲಿ ಹೋದಾಗ ಸಿಗ್ತಾಳೆ ಮಾರಾಯ. ಅವರಿಗೆ ಅಣ್ಣ ಇನ್ನೆಲ್ಲಿ ಸಿಗುವುದು?"

ಈಗಲೂ ಯಾವುದೇ ಸಿನೆಮಾದಲ್ಲಿ ಯುದ್ಧ ಬಂದರೆ ನಾನು ಹೀರೋನನ್ನು ಬಿಟ್ಟು ಹಿಂದಿನ ಗುಂಪನ್ನೇ ನೋಡುತ್ತೇನೆ... ನೀವು ಯಾರನ್ನು ನೋಡುತ್ತೀರಿ?